ನಾಯಿ ತೆರಿಗೆಯ ವಹಿ

ಬಂದದ್ದು ಬಾಲ್ಕನಿಯ ತಗಾದೆಗೆ.
ಪಕ್ಕದ ಮನೆಯ ಸಿನ್ಯೋರಾ ಕೊಸುತ್ತಾ
ನಮ್ಮ ಕಡೆಗೆ ಒಂದು ಗೇಣು ಚಾಚಿದ್ದಾಳೆಂದು
ಮೂಲ ನಕ್ಷೆ ಬೇಕಿತ್ತು. ಇಷ್ಟೇ ವಿಷಯ.

ತ್ರಿಯೆಸ್ತೆ ಪುರಸಭೆಯ ದಫ್ತರಖಾನೆ, ಎರಡನೇ ಮಹಡಿ.
ಹೊರಗೆ ಬೋರಾ ಗಾಳಿ ಕಿಟಕಿಯ ಕಿವಿ ಹಿಂಡುತ್ತಿತ್ತು.
ಫುಲ್ವಿಯೋ ನನ್ನ ಪೆನ್ನು ಕಿತ್ತುಕೊಂಡು ಪೆನ್ಸಿಲ್ ಕೊಟ್ಟ,
ನಕ್ಷೆಯ ಕಟ್ಟಿನ ಬದಲು ತಪ್ಪಿ
ಬೇರೊಂದು ವಹಿ ತಂದಿಟ್ಟ.
ಹಿಂದಿರುಗಿಸಬಹುದಿತ್ತು. ತೆರೆದೆ.

ನಾಯಿ ತೆರಿಗೆ. ಸಾವಿರದ ಒಂಬೈನೂರ ಇಪ್ಪತ್ತೊಂಬತ್ತು.
ಯಜಮಾನ, ಬೀದಿ, ತಳಿ, ಬಣ್ಣ, ನಾಯಿಯ ಹೆಸರು, ಸಂದ ಲೀರಾ.
ಗಾಡಿ ಎಳೆಯುವುದಕ್ಕೆ ರಿಯಾಯಿತಿ,
ಮಡಿಲಲ್ಲಿ ಕೂರುವುದಕ್ಕೆ ದುಪ್ಪಟ್ಟು.
ಒಬ್ಬ ವಿಧವೆ ಕಂತಿನಲ್ಲಿ ಕಟ್ಟಿದ್ದಾಳೆ:
ಎರಡು ಲೀರಾ, ಎರಡು ಲೀರಾ, ಆಮೇಲೆ ಖಾಲಿ.
ಕುರುಡನ ನಾಯಿಗೆ ಏನೂ ಇಲ್ಲ. ಅಲ್ಲಿ ಗುಮಾಸ್ತ
ಒಂದು ಸೊನ್ನೆ ಬರೆದಿದ್ದಾನೆ, ಬಹಳ ದುಂಡಗೆ,
ಪ್ರೀತಿಯಿಂದ ಎನ್ನಬಹುದಾದಷ್ಟು ದುಂಡಗೆ.

ಪುಟ ನೂರ ಹನ್ನೆರಡು. ನಮ್ಮ ಬೀದಿ.
ಆಗ ಅದಕ್ಕೆ ಬೇರೆ ಹೆಸರು. ಅದಕ್ಕೂ ಮೊದಲು ಇನ್ನೊಂದು.
ಪ್ರಿಮೊಝಿಚ್, ಆಂದ್ರೇಯ್, ಪೀಪಾಯಿ ಮಾಡುವವ.
ನನ್ನ ತಾತ.
ಹೆಸರಿನ ಮೇಲೆ ಕೆಂಪು ಶಾಯಿಯ ಒಂದೇ ಗೀಟು.
ಪಕ್ಕದಲ್ಲಿ, ಬೇರೆ ಕೈಬರಹ: ಪ್ರಿಮೋಸಿ, ಆಂದ್ರೇಯಾ.
ಅಕ್ಷರಗಳ ನೆತ್ತಿಯ ಮೇಲೆ ಕೂತಿದ್ದ ಪುಟ್ಟ ಕೊಕ್ಕೆ ಎರಡೂ
ಗುಬ್ಬಿಗಳ ಹಾಗೆ ಹಾರಿಹೋಗಿವೆ.

ನಾನು ಹುಟ್ಟಿದ್ದೇ ಪ್ರಿಮೋಸಿಯಾಗಿ.
ಮನೆಯಲ್ಲಿ ಯಾರೂ ತುಟಿ ಬಿಚ್ಚಿರಲಿಲ್ಲ.
ಹೆಸರೆಂದರೆ ಗೋಡೆಗೆ ಹೊಡೆದ ಮೊಳೆ ಅಂದುಕೊಂಡು
ಅರವತ್ತೆಂಟು ವರ್ಷ ಕೋಟು ತೂಗುಹಾಕಿದೆ.

ಅದೇ ಸಾಲಿನಲ್ಲಿ, ಎಡದಿಂದ ಐದನೇ ಅಂಕಣ:
ಸಿವ್ಕೊ.
ಬೆಟ್ಟದ ಮೇಲಿನವರ ಭಾಷೆಯಲ್ಲಿ, ಬೂದು ಬಣ್ಣದವನು.
ಗೀಟಿಲ್ಲ.
ಮುಂದಿನ ವರ್ಷ: ಯಜಮಾನ ಪ್ರಿಮೋಸಿ, ನಾಯಿ ಸಿವ್ಕೊ.
ಅದರ ಮುಂದಿನ ವರ್ಷವೂ.
ಮನುಷ್ಯರಿಗೆ, ಬೀದಿಗೆ, ಅಂಗಡಿಯ ಹಲಗೆಗೆ
ಸರಕಾರ ನಮೂನೆ ಅಚ್ಚು ಹಾಕಿಸಿತ್ತು;
ನಾಯಿಗೆ ಮರೆತಿತ್ತು.

ದಬ್ಬೆ ಕಟ್ಟಿದರೂ ಬಾಲ ಡೊಂಕೇ ಎಂದು ಬಯ್ಯುತ್ತಾರಲ್ಲ,
ಆ ಡೊಂಕಿನಲ್ಲೇ ಉಳಿದಿತ್ತೇನೋ
ನಮ್ಮ ಹೆಸರಿನಿಂದ ಉದುರಿದ ಕೊಕ್ಕೆ.

ಮೂವತ್ನಾಲ್ಕರಲ್ಲಿ ಒಂದು ಟಿಪ್ಪಣಿ: ಸತ್ತಿದೆ.
ಹೆಚ್ಚುವರಿ ಏಳು ಲೀರಾ ಮರಳಿಸಲಾಗಿದೆ.
ತಾತನ ಸಹಿ. ಒತ್ತಿ ಬರೆದದ್ದಕ್ಕೆ
ಹಿಂದಿನ ಪುಟದಲ್ಲಿ ಬೆರಳಾಡಿಸಿದರೂ ಸಿಗುತ್ತದೆ.

ನಕ್ಷೆ ಕೊನೆಗೆ ಬಂತು.
ಕೊಸುತ್ತಾ ಹೇಳಿದ್ದೇ ಸರಿ. ಗೇಣು ಚಾಚಿದವರು ನಾವು.

ಸಂಜೆ ಮನೆ ಮುಂದಿನ ಇಳಿಜಾರಿನಲ್ಲಿ
ಟೋಪಿ ಹಿಡಿದು, ಗಾಳಿಗೆ ಒರಗಿ ನಿಂತೆ.
ಬೀದಿಯಲ್ಲಿ ಆಡಿದರೆ ಏಟು ಬೀಳುತ್ತಿದ್ದ ಭಾಷೆಯ
ಒಂದು ಶಬ್ದವನ್ನು ಮಾತ್ರ
ತಾತ ದಿನಕ್ಕೆ ಎರಡು ಸಲ, ಗಟ್ಟಿಯಾಗಿ,
ಪೊಲೀಸಿನವನ ಎದುರೇ ಕೂಗಬಹುದಿತ್ತು.
ಅದು ಓಡಿ ಬರುತ್ತಿತ್ತು.