ಕುರ್ಚಿ ಹಿಂದಿನಿಂದ

ಸಾಖರ ಪೇಠದಾಗ ಎಲ್ಲಾರೂ ಕೇಳತಾರ:
ಕೊರಿಯಾ ಹೆಂಗಿತ್ತ ಗುರಬಾಯಿ?
ಏನಂತ ಹೇಳಲಿ. ನಾ ನೋಡಿದ್ದು
ಮಾಲಕರ ಅವ್ವ ನರ್ಸಾಬಾಯಿಯ ಬಿಳೀ ನೆತ್ತಿ,
ಅದರ ಆಚೆ ಒಂದು ದೇಶ.

ಟಾವೆಲ್ ಕೊಳ್ಳೋ ಸಾಹೇಬರು ಕರೆದಿದ್ದರು.
ಮಾಲಕರು, ಅವರ ಹೆಂಡತಿ,
ಬಿಟ್ಟು ಬರಾಕ ಆಗದ ಅವ್ವ,
ಅವ್ವನ ಬಚ್ಚಲಕ್ಕ ನಾನು.
ಪಾಸ್‌ಪೋರ್ಟಿಗೆ ನಗಬಾರದಂತ. ನಕ್ಕುಬಿಟ್ಟೆ.
ಕನ್ನಾ ಚೌಕದ ಸ್ಟುಡಿಯೋದಂವ
ಮೂರು ಸಲ ಫೋಟೋ ತೆಗೆದ.

ಮೊದಲ ದಿನ ಮುಗಿಲಿಗೆ ಮುಟ್ಟಿದ ಕಟ್ಟಡ.
ಲಿಫ್ಟು ಏರೂದರಾಗ ಕಿವಿ ಮುಚ್ಚಿದವು,
ಬಾಗಿಲ ತೆರೆದರ ಕಾಲ ಕೆಳಗ ಗಾಜು,
ಗಾಜಿನ ಕೆಳಗ ಇರಿವಿಯಂಥ ಬಸ್ಸು.
ಮಾಲಕರ ಹೆಂಡತಿ ಗಪ್ಪನೆ ನನ್ನ ರಟ್ಟಿ ಹಿಡಿದರು.
ಹನ್ನೆರಡು ವರ್ಷ ಅವರ ಮನ್ಯಾಗ ದುಡಿದೀನಿ,
ಅವರ ಕೈ ಇಷ್ಟು ಮೆತ್ತಗದ ಅಂತ
ಅಷ್ಟು ಎತ್ತರಕ್ಕ ಹೋಗಿ ತಿಳೀತು.
ಅವ್ವ ನಿದ್ದಿ ಹೊಡೀತಿದ್ದರು.

ಮರುದಿನ ಅರಮನಿ.
ರಾಜರ ಕಾಲದ ಅರಿವಿ ಉಟ್ಟು ಬಂದರ ಟಿಕೀಟಿಲ್ಲ,
ಎದುರಿನ ಅಂಗಡ್ಯಾಗ ತಾಸಿನ ಲೆಕ್ಕಕ್ಕ ಬಾಡಿಗಿ.
ರಾಜರು ಹೋದರು, ಬಾಡಿಗಿ ಉಳೀತು.
ಗುಲಾಬಿ ಲಂಗದ ಹುಡುಗಿಯೊಬ್ಬಾಕಿ
ಕಂಬಕ್ಕ ಆತು ಫೋಟೋ ತೆಗಿಸಿಕೊಂಡಳು.
ಎಲ್ಲಾರೂ ಆಕಿ ಮಾರಿ ನೋಡಿದರು,
ನಾ ಆಕಿ ಲಂಗದ ಅಂಚು: ಹೊಲಿಗಿ ಬಿಚ್ಚಿತ್ತು.
ದಿನಾ ನಾನೂರು ಟಾವೆಲ್ ಅಂಚು ಹೊಲಿಯೋ ಕಣ್ಣು,
ಎಲ್ಲಿಗೆ ಒಯ್ದರೂ ಅದ ಕಣ್ಣು.
ಅರಮನಿಗೆ ಎಷ್ಟು ಬಾಗಿಲ ಕೇಳಬ್ಯಾಡ್ರಿ,
ಹೊಸ್ತಿಲ ಹೇಳತೀನಿ. ಹದಿನಾಲ್ಕು.
ಕುರ್ಚಿ ಎತ್ತಿದಾಕಿ ನಾನು.
ಅವ್ವ ಅಲ್ಲೂ ನಿದ್ದಿ.

ರಾತ್ರಿ ದೀಪದ ಬಜಾರ, ಖಾರದ ಕೋಸು.
(ನಮ್ಮ ಶೇಂಗಾ ಚಟ್ನಿ ಮುಂದ ಖಾರ ಅನ್ನಬ್ಯಾಡ್ರಿ.)
ಗುಡ್ಡದ ಮ್ಯಾಲೆ ಒಂದು ಗುಡಿ. ಮೆಟ್ಟಿಲಿದ್ದವು,
ನಾವಿಬ್ಬರೂ ಕೆಳಗ ಕೂತಿವಿ.

ಐದನೇ ದಿನ, ಹಳೇ ಊರಿನಂಗ ಕಟ್ಟಿದ ಹೊಸ ಊರು.
ಹುಲ್ಲಿನ ಮನಿ, ಕುಂಬಾರ, ಬೀಸೋ ಕಲ್ಲು,
ಹಗ್ಗ ಕಟ್ಟಿದ ಆಚೆ ಒಂದು ಕೈಮಗ್ಗ.
ಮಗ್ಗದಾಗ ನನ್ನ ವಾರಿಗಿಯ ಹೆಂಗಸು,
ಹಳೇ ಕಾಲದ ಉಡುಪು, ಮುಂಗೈಗೆ ಹೊಸ ಗಡಿಯಾರ.
ಠಕ್. ಬಿಟ್ಟು ಠಕ್.
ಗೈಡು ಏನೋ ಹೇಳತಿದ್ದ, ಮಂದಿ ಕೇಳತಿದ್ದರು.

ಕುರ್ಚಿಯೊಳಗಿಂದ ಒಂದು ಚೀರು:
"ಪೋಗು ತೆಗಿಂದಿ!"
ಎಳಿ ಹರೀತು ಅಂತ.
ಆರು ತಿಂಗಳಾಗಿತ್ತು ಅವ್ವ ಮಾತಾಡಿ.
ಮಗನ ಹೆಸರಿಗೂ ತೆರೀದ ಬಾಯಿ.

ಮಾಲಕರು "ಸಾರಿ, ಸಾರಿ" ಅಂದರು ನಾಕೂ ದಿಕ್ಕಿಗೆ.
ಆದರ ಮಗ್ಗದಾಕಿ ಬಗ್ಗಿ ನೋಡಿದಳು,
ಖರೇನ ಹರಿದಿತ್ತು,
ಎಡಕ್ಕ, ಅಂಚಿನಿಂದ ಮೂರನೇ ಎಳಿ.
ಆಕಿ ಎದ್ದಳು. ಹಗ್ಗ ಬಿಚ್ಚಿದಳು.
ನನಗ ಹೇಳಬೇಕಾಗಲಿಲ್ಲ, ಕುರ್ಚಿ ದೂಡಿದೆ.

ಚಮಚಾ ಹಿಡಿಯಾಕ ಬಾರದ ಬೆರಳು
ಎರಡು ತುದಿ ಹುಡುಕಿದವು,
ಒಂದರ ಮ್ಯಾಲೊಂದು ಇಟ್ಟು ಹೊಸೆದವು,
ಉಗುಳು ಹಚ್ಚಿ ಎಳೆದವು.
ಉಳಿದ ತುದಿ ಹಲ್ಲಿಲ್ಲದ ವಸಡಿಗೆ ಹರೀಲಿಲ್ಲ.
ಮಗ್ಗದಾಕಿ ಬಗ್ಗಿ
ತನ್ನ ಹಲ್ಲಿಂದ ಕಡಿದಳು.

ಎಂಟು ದಿನಕ್ಕ ಎರಡು ಸಾವಿರ ಫೋಟೋ
ಮಾಲಕರ ಫೋನಿನಾಗ.
ಇದರದ್ದು ಇಲ್ಲ.
ಅವರು ಕಣ್ಣು ಒರಿಸಿಕೊಳ್ಳತಿದ್ದರೋ
ಬೆವರೋ, ನಾ ಕೇಳಲಿಲ್ಲ.

ತಿರುಗಿ ಬರೋ ವಿಮಾನದಾಗ
ಅವ್ವನ ಸೆರಗಿಗೆ ನಾರಿನ ಎಳಿ ಒಂದು ಅಂಟಿತ್ತು.
ತೆಗೀಬೇಕಂತ ಕೈ ಚಾಚಿದೆ,
ಬಿಟ್ಟೆ.