ಷರಾ

ನಗರಸಭೆಯ ನಾಯಿದೊಡ್ಡಿಯಲ್ಲಿ ನನ್ನದು ಬರೆಯುವ ಕೆಲಸ.
ಕ್ರಮಸಂಖ್ಯೆ, ದಿನಾಂಕ, ಬಣ್ಣ, ಗಂಡೋ ಹೆಣ್ಣೋ,
ಹಿಡಿದದ್ದು ಎಲ್ಲಿ, ಗಾಯ ಎಲ್ಲಿ.
ಕೊನೆಯ ಕಲಂ ಷರಾ. ಬೆರಳಗಲ.
ಅಷ್ಟರಲ್ಲಿ ಹಿಡಿಯುವುದನ್ನು ಮಾತ್ರ ಬರೆಯಬೇಕೆಂದು
ಹಿಂದಿನ ಗುಮಾಸ್ತರು ಹೇಳಿಕೊಟ್ಟಿದ್ದರು:
‘ಸತ್ತಿದೆ’, ‘ಬಿಡಲಾಗಿದೆ’, ‘ಇದೆ’.

ಕಬ್ಬು ಅರೆಯುವ ತಿಂಗಳಲ್ಲಿ ಪುಸ್ತಕ ಬೇಗ ತುಂಬುತ್ತದೆ.
ಮಂಡ್ಯದ ರಸ್ತೆಯಲ್ಲಿ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರಿಗೆ
ಹಿಂದಿನದು ಏನನ್ನು ತುಳಿಯಿತೆಂದು ತಿಳಿಯುವುದಿಲ್ಲ.
ಹಾಡು ಜೋರಾಗಿರುತ್ತದೆ.

೧೧೭. ಕಂದು, ಹೆಣ್ಣು, ಆಲೆಮನೆ.
ಚಳಿಗೆ ಒಲೆಬಾಯಿಯ ಬೂದಿಯಲ್ಲಿ ಮಲಗಿ
ಅಡಿಯ ಕೆಂಡ ತಿಳಿಯದೆ ಬೆನ್ನು ಸುಟ್ಟುಕೊಂಡದ್ದು.
ತಂದ ದಿನ ದೊಡ್ಡಿಯೆಲ್ಲ ಬೆಲ್ಲದ ವಾಸನೆ,
ಅದರ ಕೆಳಗೆ ಇನ್ನೊಂದು ವಾಸನೆ.
ಆ ವಾರ ನಾನು ಕಾಫಿಗೆ ಬೆಲ್ಲ ಹಾಕಿಕೊಳ್ಳಲಿಲ್ಲ.

ಗುರುವಾರದ ಡಾಕ್ಟರು ಗುರುವಾರ ಬರಲಿಲ್ಲ.
ಬಂದದ್ದು ಗುತ್ತಲು ರಸ್ತೆಯ ದಿಲ್ಶಾದಮ್ಮ,
ರವಿಕೆ ಹೊಲಿಯುವವರು, ಅಳತೆ ಟೇಪು ಇನ್ನೂ ಕೊರಳಲ್ಲೇ.
ಚೀಲದಲ್ಲಿ ಲೋಳೆಸರ, ಲೈನಿಂಗ್ ಬಟ್ಟೆಯ ತುಂಡು,
ಡಬ್ಬಿಯಲ್ಲಿ ಮಜ್ಜಿಗೆಗೆ ಕಿವುಚಿದ ಮುದ್ದೆ.
‘ಮುಟ್ಟಬೇಡಿ, ಕಚ್ತದೆ’ ಅಂದೆ.
‘ನನ್ ಬೆನ್ನು ಬೆಂದಿದ್ರೆ ನಾನೂ ಕಚ್ತಿದ್ದೆ ಕಣಪ್ಪ’ ಅಂದರು.
ಕಚ್ಚಿತು.
ನಲ್ಲಿ, ಸೋಪು, ಆಸ್ಪತ್ರೆ, ಸೂಜಿ.
ಸಂಜೆ ಪಟ್ಟಿ ಕಟ್ಟಿದ ಅದೇ ಕೈಯಲ್ಲಿ ಮತ್ತೆ ಬಂದು
ಗಾಯವನ್ನು ಕಣ್ಣಲ್ಲೇ ಅಳೆದು ಬಟ್ಟೆ ಕತ್ತರಿಸಿದರು.
‘ಒಂದಿಂಚು ಬಿಟ್ಟು ಹೊಲೀಬೇಕು,
ಮುಂದೆ ಮೈ ತುಂಬ್ಕೋತದೆ.’

೧೨೧. ಚಿನ್ನದ ಬಣ್ಣ, ಗಂಡು, ಬೈಪಾಸು.
ಸಾಕಿದ ನಾಯಿ. ಕೆಂಪು ಬೆಲ್ಟು, ಸ್ಟೀಲಿನ ಚೈನು,
ಹಿಂಗಾಲೊಂದು ನೆಲ ಮುಟ್ಟುವುದಿಲ್ಲ.
ಹೆಸರು ಇದ್ದೇ ಇತ್ತು, ನಮಗೆ ಗೊತ್ತಿರಲಿಲ್ಲ.
ಕೆಂಚಯ್ಯ ಒಂದೊಂದೇ ಕೂಗಿ ನೋಡಿದ:
ಟೈಗರ್, ರಾಜ, ಟಾಮಿ,
ಬೇಜಾರಾಗಿ ತನ್ನ ಭಾವಮೈದನ ಹೆಸರೂ.
ಯಾವುದಕ್ಕೂ ಕಿವಿ ಎತ್ತಲಿಲ್ಲ.
ಹೊರಗೆ ಒಂದು ಬಗೆಯ ಹಾರನ್ನು ಕೇಳಿದರೆ
ಊಟ ಬಿಟ್ಟು ಏಳುತ್ತಿತ್ತು.

ಒಂಬತ್ತನೆಯ ದಿನ ಅವನು ಬಂದ.
ಯಾರೆಂದು ತಿಳಿಯಿತು, ನನಗಲ್ಲ, ನಾಯಿಗೆ.
ಮೂರು ಕಾಲಲ್ಲಿ ಎದ್ದು ಸರಳಿಗೆ ಮೈ ಒತ್ತಿ
ಬಾಲ ತಗಡಿಗೆ ಬಡಿಬಡಿದು
ದೊಡ್ಡಿಯೆಲ್ಲ ತಮಟೆ.
ನಾನು ಪುಸ್ತಕ ತೆರೆದೆ. ಪೆನ್ನಿನ ಮುಚ್ಚಳ ತೆಗೆದೆ.
‘ಚೈನು ಹೊಸದು ಸಾರ್’ ಅಂದ.
‘ಮರಿ ತಂದಿದೀವಿ. ಬೆಲ್ಟೂ ಚೈನೂ ಕೊಟ್ರೆ ಸಾಕು.’

ಬೈಯುವುದು ನನಗೆ ಬರುತ್ತದೆ, ಈ ಊರಲ್ಲೇ ಕಲಿತದ್ದು.
ಅವತ್ತು ಬರಲಿಲ್ಲ.

ಬಿಚ್ಚಲು ಒಳಗೆ ಹೋದವರು ದಿಲ್ಶಾದಮ್ಮ.
ಬಿಚ್ಚುವಷ್ಟು ಹೊತ್ತೂ ಅದು ಕೊರಳು ಚಾಚಿಕೊಂಡಿತ್ತು,
ದಿನಾ ಬೆಳಿಗ್ಗೆ ಬೀದಿಗೆ ಹೊರಡುವಾಗ
ಹಾಗೇ ಚಾಚಿ ಅಭ್ಯಾಸವೇನೋ.
ಅವರು ಚೈನನ್ನು ಅವನ ಕೈಗೆ ಕೊಡಲಿಲ್ಲ.
ನಲ್ಲಿಯಡಿ ತೊಳೆದು, ಸೆರಗಲ್ಲಿ ಒರೆಸಿ, ಮೇಜಿನ ಮೇಲಿಟ್ಟರು.
‘ಮರಿಗೆ ಇದರ ಹುಣ್ಣು ಹತ್ತಬಾರದು.
ಅದೇನು ಮಾಡಿದೆ, ಪಾಪ.’

‘ಹೆಸರು?’ ಎಂದೆ. ತನ್ನ ಹೆಸರು ಹೇಳಿದ.
‘ನಿಮ್ಮದಲ್ಲ.’
ಚೈನನ್ನು ಜೇಬಿಗೆ ಇಳಿಬಿಡುತ್ತ,
ಅದರ ಸದ್ದು ಮುಗಿಯಲೆಂದು ಕಾದವನಂತೆ,
‘ಲಡ್ಡು’ ಅಂದ.
ತಗಡು ಮತ್ತೆ ಬಾರಿಸಿತು.
ಅವನು ತಿರುಗಿ ನೋಡಲಿಲ್ಲ. ಬಹುಶಃ ಆಗಲಿಲ್ಲ.
ಅದು ನನ್ನ ಪುಸ್ತಕದ ಲೆಕ್ಕವಲ್ಲ.

ಕೊರಳ ಸುತ್ತ ಕೂದಲು ಸವೆದು ಬಿಳಿ ಗೆರೆ.
ದಿಲ್ಶಾದಮ್ಮ ಟೇಪು ಬಳಸಿ ಹಿಡಿದು
‘ಹದಿನೆಂಟೂವರೆ’ ಎಂದು ಕೂಗಿದರು,
ನಾನು ಬರೆದುಕೊಳ್ಳಲೆಂದು.
ಅದಕ್ಕೆ ಕಲಂ ಇಲ್ಲ.
ಅಂಗೈ ಮೇಲೆ ಬರೆದುಕೊಂಡೆ.

೧೨೧ರ ಷರಾದಲ್ಲಿ ‘ಇದೆ’ ಎಂದು ಬರೆದ ಮೇಲೂ
ಸ್ವಲ್ಪ ಜಾಗ ಮಿಕ್ಕಿತ್ತು. ‘ಲಡ್ಡು’ ಸೇರಿಸಿದೆ.
ಆಡಿಟ್ಟಿನವರು ಕೇಳಿದರೆ ಏನನ್ನುವುದೋ ತಿಳಿಯದು.

೧೧೭ ಸಂಜೆ ಡಬ್ಬಿಯನ್ನು ನೆಕ್ಕಿ ಮಗುಚಿ ಹಾಕಿತು.
ಕೆಂಚಯ್ಯ ಮುದ್ದೆಯ ಇನ್ನೊಂದು ತುತ್ತು
ಸರಳಿನೊಳಗೆ ಹಿಡಿದು ನಿಂತಿದ್ದ,
ಬೆರಳುಗಳನ್ನು ಆದಷ್ಟು ಹಿಂದಕ್ಕೆ ಮಡಿಸಿ.