ಚಾರ್ಜ್ ಪಟ್ಟಿ

ಬನ್ನಿ ಮೇಡಂ. ಆ ಕುರ್ಚಿ ಬೇಡ,
ಅದರ ಹಿಂಗಾಲು ನೆಚ್ಚುವಂಥದ್ದಲ್ಲ.
ಇಗೊಳ್ಳಿ ಚಾರ್ಜ್ ಪಟ್ಟಿ, ಎರಡು ಪ್ರತಿ:
ವಾಲಿಬಾಲ್ ಮೂರು, ಒಂದರಲ್ಲಿ ಗಾಳಿ ನಿಲ್ಲುವುದಿಲ್ಲ,
ಸ್ಕಿಪ್ಪಿಂಗ್ ಹಗ್ಗ ಹನ್ನೊಂದು, ಶಾಟ್‌ಪುಟ್ ಗುಂಡು ಎರಡು,
ಸೀಟಿ ಒಂದು, ನನ್ನ ಎಂಜಲಿನದು, ಹೊಸತು ತರಿಸಿಕೊಳ್ಳಿ,
ಗೋಲ್ ಕಂಬ, ಒಂದು ಕಡೆಯದು ಮಾತ್ರ.

ಒಂದೇ ಯಾಕೆ ಅಂತ ನಿಮ್ಮ ಹುಬ್ಬು ಕೇಳುತ್ತಿದೆ.
ಹೇಳುತ್ತೇನೆ. ಮೊದಲು ಒಂದು ಸುತ್ತು ಹಾಕೋಣ,
ಪಟ್ಟಿಗೆ ಬಾರದ ಸಾಮಾನು ಬಹಳ ಇದೆ ಇಲ್ಲಿ.

ಈ ಮೆಟ್ಟಿಲು, ನಲಿಕಲಿ ಕೋಣೆಯದು, ಮೂರನೆಯದು.
ಆರಿದ್ರೆ ಹಿಡಿದ ಎಂಟೇ ದಿನಕ್ಕೆ ಹಸಿರು ಮಖಮಲ್ಲು.
ಬ್ಲೀಚಿಂಗ್ ಪೌಡರಿನ ದುಡ್ಡು ಬರುವುದು ಗೌರಿಹಬ್ಬಕ್ಕೆ;
ಅಲ್ಲಿಯವರೆಗೆ ತೆಂಗಿನ ಸಿಪ್ಪೆ, ಮರಳು, ನಮ್ಮ ರಟ್ಟೆ.

ಇದು ದ್ಯಾವಮ್ಮ ಎಳೆದ ಸುಣ್ಣದ ಗೆರೆ.
ಸಾರಿನ ಪಾತ್ರೆ ಇಳಿಯುವಾಗ ಇದನ್ನು ದಾಟಿದ ಮಗುವಿಗೆ
ಮೊಟ್ಟೆ ಎಲ್ಲರಿಗಿಂತ ಕೊನೆಗೆ. ಇಷ್ಟೇ ಕಾನೂನು.
ಏಳು ವರ್ಷದಿಂದ ಬಿಸಿಯೂಟದಲ್ಲಿ ಯಾರೂ ಸುಟ್ಟುಕೊಂಡಿಲ್ಲ,
ಅವಳನ್ನು ಬಿಟ್ಟು.

ಗೋಡೆ ಗಡಿಯಾರ ಐದು ನಿಮಿಷ ಹಿಂದಿದೆ. ಸರಿಮಾಡಿಸಬೇಡಿ.
ತೀರ್ಥಹಳ್ಳಿ ಬಸ್ಸು ಆ ತಿರುವು ದಾಟಿ ಹೋದ ಮೇಲೆಯೇ
ನಮ್ಮ ಲಾಂಗ್ ಬೆಲ್ಲು.
ತಪಾಸಣೆಗೆ ಬಂದವರು ಬೈದರೆ ಬೈಸಿಕೊಳ್ಳಿ.

ದೀಪಾವಳಿ ಕಳೆದು ಶಾಲೆ ತೆರೆದ ಬೆಳಿಗ್ಗೆ
ಪ್ರಾರ್ಥನೆಗಿಂತ ಮೊದಲು ಜೇಬು ನೋಡಿ:
ಠುಸ್ಸಾದ ಪಟಾಕಿಯನ್ನು ಯಾವ ಮಗುವೂ ಸತ್ತದ್ದು ಎಂದು ನಂಬುವುದಿಲ್ಲ.

ನಾಲ್ಕನೆಯ ಅಫ್ರೋಜ್ ಬಿದ್ದರೆ ಊರು ಕೇಳುವಂತೆ ಅಳುತ್ತಾನೆ,
ಅವನ ಚಿಂತೆ ಇಲ್ಲ.
ಐದನೆಯ ಚಿತ್ರಾಕ್ಷಿ ಬಿದ್ದರೆ ನಗುತ್ತಾಳೆ.
ನಗು ನೋಡಬೇಡಿ, ಮೊಣಕೈ ನೋಡಿ.

ಬೇಸಿಗೆ ರಜೆ ನಮ್ಮ ಲೆಕ್ಕಕ್ಕಿಲ್ಲ, ಕಾಗದದಲ್ಲಿ.
ಆದರೆ ಏಪ್ರಿಲ್ಲಿನ ತುಂಗೆ ಮೊಣಕಾಲುದ್ದ ಕಾಣುತ್ತಾಳೆ,
ಮರಳು ತೆಗೆದ ಗುಂಡಿ ಅವಳು ಹೇಳದೆ ಬಿಟ್ಟ ಮಾತು.
ಮಾರ್ಚಿನಲ್ಲೇ ಎಲ್ಲರನ್ನೂ ದಡಕ್ಕೆ ಕರೆದೊಯ್ದು
ಒಂದು ಉದ್ದ ಬಿದಿರಗಳ ಇಳಿಸಿ ತೋರಿಸಿ.
ಗಳ ಪೂರ್ತಿ ಹೋಗಿ, ಹಿಡಿದ ಮುಷ್ಟಿ ಒದ್ದೆಯಾದಾಗ
ಗಲಾಟೆ ತಾನಾಗಿ ನಿಲ್ಲುತ್ತದೆ.

ಇದು ಮೈದಾನ.
ಇಲ್ಲಿ ಎರಡು ಗುಳಿ, ಈಗ ಹುಲ್ಲು ಮುಚ್ಚಿದೆ.
ಗುರುವಾರ ನೋಡಿದ್ದೆ. ಕಂಬದ ಬುಡ ತುಕ್ಕು ತಿಂದು
ನೆನೆದ ಬಿಸ್ಕತ್ತಿನ ಹಾಗೆ ಉದುರುತ್ತಿತ್ತು.
ಶನಿವಾರ ವೆಲ್ಡಿಂಗಿನವನು ಬರುತ್ತಾನಲ್ಲ, ಅಂದುಕೊಂಡೆ.
ನಡುವೆ ಒಂದು ಶುಕ್ರವಾರ ಇತ್ತು.

ಮೇನಕಾ, ಏಳನೇ ತರಗತಿ, ಅಡ್ಡಪಟ್ಟಿ ಹಿಡಿದು ಜೋತಾಡಿದಳು.
ಮಕ್ಕಳು ಜೋತಾಡುತ್ತಾರೆ.
ಆ ವಯಸ್ಸಿಗೆ ಕೈ ಇರುವುದೇ ಅದಕ್ಕೆ.

ವಿಚಾರಣೆಗೆ ಬಂದವರು ಆಕಸ್ಮಿಕ ಎಂದು ಬರೆದರು.
ಕೆಳಗೆ ನನ್ನ ಸಹಿ ಇದೆ.

ಈಗ ಬಸ್‌ಸ್ಟ್ಯಾಂಡಿನ ಪಕ್ಕ ಅವಳದೇ ಜೆರಾಕ್ಸ್ ಅಂಗಡಿ,
ಈ ಪಟ್ಟಿಯ ಪ್ರತಿ ತೆಗೆದುಕೊಟ್ಟವಳೂ ಅವಳೇ.
ಬಲಗೈಯ ಎರಡು ಬೆರಳು ಮಡಚುವುದಿಲ್ಲ;
ಚಿಲ್ಲರೆ ಕೊಡುವಾಗ ಒಂದು ನಾಣ್ಯ ಜಾರಿಯೇ ಜಾರುತ್ತದೆ.
"ಬಿಡಿ ಸಾರ್, ಒಂದು ರೂಪಾಯಿ" ಅನ್ನುತ್ತಾಳೆ.
ನಾನು ಬಗ್ಗಿ ಹುಡುಕುತ್ತೇನೆ.

ಬೀಗದ ಕೈ ಇದು. ಇದು ತಂತಿ ಬ್ರಶ್ಶು,
ನನ್ನ ದುಡ್ಡಿನದು, ಪಟ್ಟಿಯಲ್ಲಿಲ್ಲ, ಇಟ್ಟುಕೊಳ್ಳಿ.
ಉಳಿದ ಆ ಕಂಬಕ್ಕೆ ಪ್ರತಿ ಸೋಮವಾರ
ನಿಮ್ಮ ಮೈಯ ಪೂರ್ತಿ ಭಾರ ಹಾಕಿ ಜೋತುಬೀಳಿ.
ಟೀಚರ್ ಆಡ್ತಿದಾರೆ ಅಂತ ಮಕ್ಕಳು ನಗುತ್ತಾರೆ.
ನಗಲಿ.

ಸಹಿ ಇಲ್ಲಿ ಹಾಕಿ, ನಿಂತೇ ಹಾಕಿ.
ಆ ಕುರ್ಚಿಯನ್ನು ನಾಳೆ ಹೇಗಾದರೂ ಸರಿ...

ಇಲ್ಲ. ತಡೆಯಿರಿ ಮೇಡಂ,
ಸುತ್ತಿಗೆ ಎಲ್ಲಿಟ್ಟಿದ್ದೇನೆ ನೋಡುತ್ತೇನೆ.